ಬಲ್ಲವನು ಮಾಡಿಸುವವನೇ?

ಮಲೆನಾಡಿನಲ್ಲಿ ಗುಡ್ಡ ಕುಸಿದಾಗ, ಕಾಫಿ ಬೆಲೆ ನೆಲಕಚ್ಚಿದಾಗ, ತೋಟದ ಕೆಲಸಕ್ಕೆ ಹೋದವರು ಆನೆಯ ಕಾಲಿಗೆ ಸಿಕ್ಕಿ ಸತ್ತಾಗ ವೇದಿಕೆಗಳಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ದೇವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು, ಆಗಬೇಕಾದದ್ದು ಆಯಿತು, ಮನುಷ್ಯನ ಕೈಯಲ್ಲಿ ಏನಿದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು ಮನೆ, ತೋಟ, ಗದ್ದೆಗಳು ಮಣ್ಣಿನಡಿ ಸೇರಿದ ಮೇಲೆ ಈ ಮಾತಿನ ಬಳಕೆ ಇನ್ನಷ್ಟು ಸಲೀಸಾಗಿದೆ. ಇಳಿಜಾರನ್ನು ನೇರಕ್ಕೆ ಕಡಿಯುವವರು ಯಾರು, ಅದಕ್ಕೆ ಒಪ್ಪಿಗೆ ಕೊಡುವವರು ಯಾರು ಎಂದು ಯಾರಾದರೂ ಕೇಳುವ ಮೊದಲೇ ಅದು ಬಂದು ಕೂರುತ್ತದೆ. ನೊಂದವರಿಗೆ ಸಾಂತ್ವನವಾಗಿ ಆಡಿದರೆ ಅದಕ್ಕೆ ಆಕ್ಷೇಪವಿಲ್ಲ. ವಾದವಾಗಿ ಮುಂದಿಟ್ಟಾಗ ಮಾತ್ರ ಅದರೊಳಗೆ ಮೂರು ಬೇರೆ ಬೇರೆ ಹೇಳಿಕೆಗಳು ಬೆರೆತಿರುವುದನ್ನು ಗಮನಿಸಬೇಕಾಗುತ್ತದೆ: ದೇವರಿಗೆ ಗೊತ್ತಿತ್ತು ಎಂಬುದು ಒಂದು, ದೇವರೇ ಮಾಡಿಸಿದನು ಎಂಬುದು ಇನ್ನೊಂದು, ಬೇರೆ ರೀತಿ ಆಗಲು ಸಾಧ್ಯವೇ ಇರಲಿಲ್ಲ ಎಂಬುದು ಮತ್ತೊಂದು. ಮೊದಲನೆಯದನ್ನು ಒಪ್ಪಿದ ಮಾತ್ರಕ್ಕೆ ಉಳಿದೆರಡನ್ನು ಒಪ್ಪಬೇಕಾಗಿಲ್ಲ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಯೂ ಇಲ್ಲ, ಏಕೆಂದರೆ ಇದೇ ಗುಡ್ಡಗಳಲ್ಲಿ ನೆಲೆಯೂರಿದ ದರ್ಶನಗಳು ಈ ಮೂರನ್ನೂ ಬಿಡಿಸಿ ನೋಡಿವೆ.

ಸರ್ವಜ್ಞತ್ವವೆಂದರೆ ಆಗಿಹೋದುದು, ಆಗುತ್ತಿರುವುದು, ಆಗಲಿರುವುದು ಎಲ್ಲವನ್ನೂ ತಪ್ಪಿಲ್ಲದೆ ಬಲ್ಲ ಸಾಮರ್ಥ್ಯ. ಸಂಕಲ್ಪ ಸ್ವಾತಂತ್ರ್ಯವೆಂದರೆ ಒಂದು ಕೆಲಸವನ್ನು ಮಾಡುವುದೂ ಬಿಡುವುದೂ ಕರ್ತೃವಿನ, ಅಂದರೆ ಮಾಡುವವನ, ವಶದಲ್ಲಿರುವುದು. ನಾಳೆ ಒಬ್ಬನು ಸುಳ್ಳು ಸಾಕ್ಷಿ ಹೇಳುವನೆಂದು ಸರ್ವಜ್ಞನಿಗೆ ಇಂದೇ ತಿಳಿದಿದ್ದರೆ, ಆತ ನಿಜ ಹೇಳಿದ ಪಕ್ಷದಲ್ಲಿ ಸರ್ವಜ್ಞನ ಅರಿವು ಹುಸಿಯಾಗಬೇಕು, ಅದು ಹುಸಿಯಾಗುವಂತಿಲ್ಲ, ಆದ್ದರಿಂದ ಅವನಿಗೆ ನಿಜ ಹೇಳುವ ದಾರಿಯೇ ಇರಲಿಲ್ಲ. ಜಗತ್ತಿನ ಎಲ್ಲ ಆಸ್ತಿಕ ಮತಗಳನ್ನೂ ಕಾಡಿದ ತೊಡಕು ಇಷ್ಟೇ.

ಈ ತೊಡಕಿನಲ್ಲಿ ಅರಿವನ್ನೂ ಆಳ್ವಿಕೆಯನ್ನೂ ಬೇರ್ಪಡಿಸಿ ನೋಡಲು ಅತ್ಯಂತ ಶುದ್ಧವಾದ ನಿದರ್ಶನ ಜೈನ ದರ್ಶನದ್ದು, ಮತ್ತು ಅದು ಈ ಸೀಮೆಗೆ ಹೊರಗಿನದಲ್ಲ. ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು, ಅಂದರೆ ಮೂಡಿಗೆರೆ ತಾಲ್ಲೂಕಿನ ಈಗಿನ ಅಂಗಡಿ ಗ್ರಾಮದಲ್ಲಿ, ಹಳೆಯ ಬಸದಿಗಳಿವೆ. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ಕಳಸ-ಕಾರ್ಕಳದ ಭೈರರಸರು ಜೈನರಾಗಿದ್ದೂ ಕಳಸೇಶ್ವರನಿಗೆ ನಡೆದುಕೊಂಡವರು. ಜೈನರ ಕೇವಲಿಯು, ಎಂದರೆ ಆವರಣಗಳೆಲ್ಲ ಕಳಚಿ ಕೇವಲಜ್ಞಾನ ಪಡೆದ ಆತ್ಮನು, ಎಲ್ಲ ದ್ರವ್ಯಗಳನ್ನೂ ಅವುಗಳ ಮೂರು ಕಾಲದ ಪರ್ಯಾಯಗಳನ್ನೂ ಬಲ್ಲವನು. ಪರ್ಯಾಯವೆಂದರೆ ಕ್ಷಣಕ್ಷಣಕ್ಕೆ ಬದಲಾಗುವ ಅವಸ್ಥೆ. ಆದರೆ ಅವನು ಜಗತ್ತನ್ನು ಸೃಷ್ಟಿಸಿದವನಲ್ಲ, ನಡೆಸುವವನಲ್ಲ, ಯಾರಿಗೂ ಫಲ ಹಂಚುವವನೂ ಅಲ್ಲ. ಮಾಡಿಸುವವನೇ ಇಲ್ಲದ ಕಡೆ ಬಲ್ಲವನೊಬ್ಬನು ಇದ್ದರೆ ಮನುಷ್ಯನ ಸ್ವಾತಂತ್ರ್ಯ ಅಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ಕಲಬೆರಕೆಯಿಲ್ಲದೆ ಕೇಳಬಹುದು.

ಅಳಿಯುತ್ತದೆ ಎಂಬ ಕಡೆಗೆ ವಾಲಿದ ಜೈನರೂ ಇದ್ದಾರೆ. ಸ್ಥಾನಕವಾಸಿ ಸಾಧುವಾಗಿದ್ದು ಬಳಿಕ ಗುಜರಾತಿನ ಸೋನಗಢದಲ್ಲಿ ದಿಗಂಬರ ಮಾರ್ಗ ಹಿಡಿದು, 1980ರಲ್ಲಿ ತೀರಿಕೊಂಡ ಕಾನಜಿಸ್ವಾಮಿಯವರು ಹರಡಿದ ಕ್ರಮಬದ್ಧಪರ್ಯಾಯ ವಾದದ ತಿರುಳು ಇದು: ಕೇವಲಿಯು ಪ್ರತಿಯೊಂದು ದ್ರವ್ಯದ ಮುಂದಿನ ಅವಸ್ಥೆಗಳೆಲ್ಲವನ್ನೂ ಬಲ್ಲನಾದ್ದರಿಂದ ಆ ಅವಸ್ಥೆಗಳ ಸರಣಿಯು ಮೊದಲೇ ಕ್ರಮವಾಗಿ ಬಿಗಿದುಕೊಂಡಿದೆ, ಅದರಲ್ಲಿ ಒಂದನ್ನೂ ಹಿಂದುಮುಂದು ಮಾಡಲಾಗದು. ಇದಕ್ಕೆ ಆಧಾರವಾಗಿ ಕಾರ್ತಿಕೇಯಾನುಪ್ರೇಕ್ಷೆಯ ಪ್ರಸಿದ್ಧ ಗಾಹೆಗಳನ್ನು ಮುಂದಿಡಲಾಗುತ್ತದೆ. ಜಿನನು ಯಾವ ಜೀವಕ್ಕೆ ಎಲ್ಲಿ, ಎಂದು, ಹೇಗೆ ಹುಟ್ಟುಸಾವುಗಳು ಒದಗುವುದನ್ನು ಕಂಡಿದ್ದಾನೋ ಅದನ್ನು ಇಂದ್ರನೂ ತಪ್ಪಿಸಲಾರ, ಜಿನೇಂದ್ರನೂ ತಪ್ಪಿಸಲಾರ ಎಂಬುದು ಅವುಗಳ ಭಾವ. ಹೀಗೆ ತಿಳಿದವನಲ್ಲಿ ‘ನಾನು ಮಾಡಿದೆ’ ಎಂಬ ಅಹಂಕಾರ ಕರಗುತ್ತದೆ ಎಂಬ ಅವರ ಆಶಯ ಒಳ್ಳೆಯದೇ. ಆದರೆ ಅಹಂಕಾರ ಕರಗಿಸುವ ಉಪದೇಶವೆಲ್ಲ ನಿಜವಾದ ತರ್ಕವಾಗಬೇಕಿಲ್ಲ, ಮತ್ತು ಈ ವಾದದಲ್ಲಿ ಒಂದು ನುಸುಳುದಾರಿಯಿದೆ.

ಅದನ್ನು ಕಾಫಿ ತೋಟದಲ್ಲೇ ನೋಡಬಹುದು. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗಿನ ಬೇಸಿಗೆಯಲ್ಲಿ ಗಿಡಗಳ ಮೊಗ್ಗು ಹೂಮಳೆಗೆ ಕಾದಿರುತ್ತದೆ. ಇಂಚು-ಸೆಂಟುಗಳಲ್ಲಿ ಮಳೆ ಅಳೆಯುವ ಬೆಳೆಗಾರನು, ಸುಮಾರು ಒಂದು ಇಂಚು ಮಳೆ ಬಿದ್ದ ಸಂಜೆಯೇ, ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ ಎಂದು ಹೇಳಬಲ್ಲ. ಅವನು ಹೇಳಿದ್ದರಿಂದ ಹೂವು ಅರಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಅಲ್ಲಿಗೇ ನಿಲ್ಲುವವರು ತೃಪ್ತರಾಗಿ ಮನೆಗೆ ಹೋಗುತ್ತಾರೆ. ಆದರೆ ದೃಷ್ಟಾಂತವನ್ನು ಇನ್ನೂ ಸ್ವಲ್ಪ ಒಳಹೊಕ್ಕು ನೋಡಬೇಕು. ಬೆಳೆಗಾರನ ಅರಿವು ಅನುಮಾನ, ಅಂದರೆ ಕಾರಣವನ್ನು ಕಂಡು ಕಾರ್ಯವನ್ನು ಊಹಿಸುವುದು. ಅವನಿಗೆ ಹೂವು ತಿಳಿದದ್ದು ಮಳೆಯ ಮೂಲಕ. ಮೊಗ್ಗಿಗೆ ಮಳೆಯ ಮುಂದೆ ಆಯ್ಕೆಯಿಲ್ಲವಾದ್ದರಿಂದಲೇ ಅವನ ಊಹೆ ಸರಿಹೋಗುತ್ತದೆ. ಈಗ ಮಳೆಯೇ ಬರಲಿಲ್ಲವೆನ್ನೋಣ; ಹೊಳೆಯಲ್ಲಿ ಉಳಿದಿರುವ ನೀರಿಗೆ ಮೋಟರ್ ಇಟ್ಟು ಸ್ಪ್ರಿಂಕ್ಲರ್ ಹೊಡೆಸಬೇಕೋ, ಕೆಳಗಿನ ಗದ್ದೆಯವರಿಗೆ ಆ ನೀರು ಬಿಡಬೇಕೋ ಎಂದು ಅವನು ಒಂದು ರಾತ್ರಿ ಯೋಚಿಸುತ್ತಾನೆ. ಅವನ ನಿರ್ಧಾರವನ್ನು ನೆರೆಯವನು ಊಹಿಸಬಹುದು, ಊಹೆ ತಪ್ಪಲೂಬಹುದು. ಕೇವಲಿಗೆ ಹೂವೂ ತಿಳಿದಿದೆ, ಈ ನಿರ್ಧಾರವೂ ತಿಳಿದಿದೆ, ಆದರೆ ಯಾವುದೂ ಊಹೆಯಿಂದ ತಿಳಿದದ್ದಲ್ಲ. ಕೇವಲಜ್ಞಾನವು ಪ್ರತ್ಯಕ್ಷ, ನಡುವೆ ಇಂದ್ರಿಯವಾಗಲಿ ಹೇತುವಾಗಲಿ ಇಲ್ಲದೆ ವಸ್ತುವನ್ನೇ ನೇರವಾಗಿ ಅರಿಯುವುದು. ಕುಂದಕುಂದರ ಪ್ರವಚನಸಾರವು ಆಗಿಹೋದ ಮತ್ತು ಆಗಲಿರುವ ಪರ್ಯಾಯಗಳು ಆ ಜ್ಞಾನದಲ್ಲಿ ಈಗಿರುವಂತೆಯೇ ನಿಂತಿರುತ್ತವೆ ಎಂದು ಹೇಳುವುದು ಇದೇ ಅರ್ಥದಲ್ಲಿ.

ಕ್ರಮಬದ್ಧ ವಾದಿಗಳು ಎಡವುವುದು ಇಲ್ಲಿಯೇ. ಊಹಿಸಿ ತಿಳಿದ ಭವಿಷ್ಯವು ಕಾರಣಗಳಿಂದ ಕಟ್ಟುಬಿದ್ದದ್ದೆಂದು ಹೇಳುವುದು ಸರಿ, ಏಕೆಂದರೆ ಕಟ್ಟು ಇಲ್ಲದಿದ್ದರೆ ಊಹೆಯೇ ಹುಟ್ಟದು. ಕಂಡು ತಿಳಿದ ಭವಿಷ್ಯದ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ, ಏಕೆಂದರೆ ಕಾಣುವುದಕ್ಕೆ ಕಾಣುವ ವಸ್ತು ಇರಬೇಕೇ ಹೊರತು ಅದು ಹೇಗೆ ಉಂಟಾಯಿತು ಎಂಬುದರ ಮೇಲೆ ನೋಟ ನಿಂತಿಲ್ಲ. ಕೇವಲಿ ಕಂಡದ್ದು ಆಗದೆ ಇರದು ಎಂಬುದರಲ್ಲಿರುವ ಅನಿವಾರ್ಯತೆ ನೋಟಕ್ಕೂ ನೋಡಿದ್ದಕ್ಕೂ ಇರುವ ಹೊಂದಿಕೆಯದು. ಅದನ್ನು ಎತ್ತಿ ನೋಡಲ್ಪಟ್ಟ ಕೆಲಸದ ಮೇಲೆಯೇ ಹೊರಿಸಿದರೆ ನಿಯತಿವಾದ ತಯಾರಾಗುತ್ತದೆ. ಬೆಳೆಗಾರನು ನೀರನ್ನು ಗದ್ದೆಗೆ ಬಿಟ್ಟಿದ್ದರೆ ಕೇವಲಿಯು ಅದನ್ನೇ ಕಂಡಿರುತ್ತಿದ್ದನು. ನಿರ್ಧಾರ ಹೇಗೋ ಅರಿವು ಹಾಗೆ. ಅರಿವು ಹೇಗೋ ನಿರ್ಧಾರ ಹಾಗೆ ಎಂಬುದು ತಲೆಕೆಳಗಾದ ಮಾತು.

ಜೈನರಿಗೆ ಈ ಅಪಾಯ ಹೊಸದಲ್ಲ. ಎಲ್ಲವೂ ನಿಯತ, ಪೌರುಷವೆಂಬುದೇ ಇಲ್ಲ ಎಂದು ಸಾರಿದ ಮಕ್ಖಲಿ ಗೋಸಾಲನ ಆಜೀವಿಕ ಮತದೊಡನೆ ಅವರು ಮೊದಲಿನಿಂದಲೂ ಸೆಣಸಿದವರು. ಶ್ವೇತಾಂಬರರ ಏಳನೆಯ ಅಂಗವಾದ ಉಪಾಸಕದಶಾ ಗ್ರಂಥದಲ್ಲಿ (ದಿಗಂಬರರು ಈಗ ಉಳಿದಿರುವ ಅಂಗಗಳನ್ನು ಪ್ರಮಾಣವೆಂದು ಒಪ್ಪುವುದಿಲ್ಲ, ಆ ಜಗಳ ಇಲ್ಲಿ ಬೇಡ) ಸದ್ದಾಲಪುತ್ರನೆಂಬ ಆಜೀವಿಕ ಕುಂಬಾರನೊಬ್ಬನು ಬರುತ್ತಾನೆ. ಮಡಕೆಗಳು ಪ್ರಯತ್ನದಿಂದ ಆಗುತ್ತವೆಯೋ ತಾವಾಗಿಯೇ ಆಗುತ್ತವೆಯೋ ಎಂದು ಮಹಾವೀರನು ಕೇಳಿದರೆ, ಪ್ರಯತ್ನದಿಂದಲ್ಲ, ಎಲ್ಲವೂ ನಿಯತ ಎನ್ನುತ್ತಾನೆ; ಹಾಗಾದರೆ ಆಳೊಬ್ಬ ನಿನ್ನ ಮಡಕೆಗಳನ್ನು ಕದ್ದು, ಒಡೆದು, ನಿನ್ನ ಹೆಂಡತಿಯೊಡನೆ ಅನುಚಿತವಾಗಿ ನಡೆದುಕೊಂಡರೆ ಏನು ಮಾಡುವೆ ಎಂದರೆ, ಬೈದು ಬಡಿಯುತ್ತೇನೆ, ಕೊಂದೇಬಿಡುತ್ತೇನೆ ಎನ್ನುತ್ತಾನೆ. ನಿಯತಿಯೇ ಮಡಕೆ ಒಡೆದದ್ದಾದರೆ ಆಳನ್ನು ಬಡಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಬೆಟ್ಟ ಕುಸಿದಾಗ ವಿಧಿಯ ಹೆಸರು ಹೇಳುವವರು ತಮ್ಮ ತೋಟದ ಬೇಲಿ ಒತ್ತುವರಿಯಾದಾಗ ಸರ್ವೆಯವರನ್ನು ಕರೆಸುವುದನ್ನು ನೋಡಿದರೆ ಸದ್ದಾಲಪುತ್ರನ ಸಂತತಿ ಇನ್ನೂ ಬಾಳುತ್ತಿದೆ ಎನ್ನಬೇಕು.

ದಕ್ಷಿಣದ ಸಮಂತಭದ್ರರ ಆಪ್ತಮೀಮಾಂಸೆ ಇದಕ್ಕಿಂತ ಹೆಚ್ಚು ಮೌಲಿಕ. ಸರ್ವಜ್ಞನು ಇರಲೇಬೇಕೆಂದು ತರ್ಕದಿಂದ ಸಾಧಿಸಿದ ಆ ಗ್ರಂಥವೇ, ದೈವವೊಂದೇ ಎಲ್ಲಕ್ಕೂ ಕಾರಣವಾದರೆ ಆ ದೈವವು ಹಿಂದಿನ ಯಾವ ಪೌರುಷದಿಂದ ಕೂಡಿಬಂತು, ದೈವದಿಂದಲೇ ದೈವ ಹುಟ್ಟುತ್ತಾ ಹೋದರೆ ಮೋಕ್ಷವೆಲ್ಲಿಯದು, ಪ್ರಯತ್ನಕ್ಕೆ ಫಲವೆಲ್ಲಿಯದು ಎಂದು ಕೇಳುತ್ತದೆ. ಪೌರುಷವೊಂದೇ ಸಾಕೆಂದರೆ ಪ್ರಯತ್ನಿಸಿದವರೆಲ್ಲರೂ ಗೆಲ್ಲಬೇಕಿತ್ತಲ್ಲ ಎಂದು ಆ ಕಡೆಯವರನ್ನೂ ಬಿಡುವುದಿಲ್ಲ. ಕೊನೆಗೆ ಅದು ಮಾಡುವ ವಿಭಾಗ ಬಹಳ ಉಪಯುಕ್ತವಾದುದು: ಬುದ್ಧಿಪೂರ್ವಕವಲ್ಲದೆ, ಅಂದರೆ ಬಗೆಯದೆ ಬಂದೊದಗಿದ ಇಷ್ಟಾನಿಷ್ಟಗಳು ದೈವದವು, ಬಗೆದು ಮಾಡಿದುದರ ಇಷ್ಟಾನಿಷ್ಟಗಳು ಪೌರುಷದವು. ಈ ಲೆಕ್ಕದಲ್ಲಿ ಮೇಘಸ್ಫೋಟ ದೈವದ ಪಾಲು, ಜೆಸಿಬಿ ಪೌರುಷದ ಪಾಲು. ಸರ್ವಜ್ಞನಿಗೆ ಎರಡೂ ತಿಳಿದಿದ್ದವು ಎಂಬುದರಿಂದ ಎರಡನೆಯದು ಮೊದಲನೆಯದಾಗುವುದಿಲ್ಲ.

ಇಷ್ಟಾದರೂ ಒಂದು ಗಟ್ಟಿ ಆಕ್ಷೇಪ ಉಳಿಯುತ್ತದೆ, ಅದನ್ನು ಅಮೆರಿಕದ ನೆಲ್ಸನ್ ಪೈಕ್ 1965ರ ಲೇಖನವೊಂದರಲ್ಲಿ ಬಿಗಿಯಾಗಿ ಮಂಡಿಸಿದರು. ನಿನ್ನೆಯ ಅರಿವು ನಿನ್ನೆಯೇ ಆಗಿಹೋದ ಸಂಗತಿ, ಆಗಿಹೋದುದನ್ನು ಯಾರೂ ಬದಲಿಸಲಾರರು. ನಾಳೆಯ ಕೆಲಸ ನನ್ನ ವಶದಲ್ಲಿದೆ ಎನ್ನುವವನು ನಿನ್ನೆಯ ಅರಿವೂ ನನ್ನ ವಶದಲ್ಲಿದೆ ಎನ್ನಬೇಕಾಗುತ್ತದೆ. ಆರನೆಯ ಶತಮಾನದ ರೋಮಿನ ಬೋಯೆಥಿಯಸ್ ದೇವರನ್ನು ಕಾಲದಿಂದಲೇ ಹೊರಗಿರಿಸಿ ಈ ಇಕ್ಕಟ್ಟಿನಿಂದ ಪಾರಾದನು. ಜೈನರಿಗೆ ಆ ಸೌಕರ್ಯವಿಲ್ಲ. ಮಹಾವೀರನು ಕಾಲದಲ್ಲಿ ಬದುಕಿ, ಕಾಲದಲ್ಲಿ ಕೇವಲಜ್ಞಾನ ಪಡೆದು, ಆ ಬಳಿಕವೂ ನಡೆದಾಡಿದವನು. ನಾಳೆಯ ಕೆಲಸವನ್ನು ನಿನ್ನೆಯ ನೋಟ ಅನುಸರಿಸುವುದು ಹೇಗೆ ಎಂಬುದಕ್ಕೆ ಅವರ ಗ್ರಂಥಗಳು ಕೊಡುವ ವಿವರಣೆಗಳು ಅಷ್ಟೇನೂ ಬಲವಾದವಲ್ಲ. ಆದರೆ ಅದು ಕಾಲದ ಬಗೆಗಿನ ಒಗಟು; ಅರಿವು ಕೆಲಸವನ್ನು ಮಾಡಿಸುತ್ತದೆ ಎಂಬುದಕ್ಕೆ ಅಲ್ಲಿಯೂ ಸಾಕ್ಷ್ಯ ಸಿಕ್ಕುವುದಿಲ್ಲ.

ಶೃಂಗೇರಿಯ ಅದ್ವೈತದಲ್ಲಿ ಈಶ್ವರನ ಸರ್ವಜ್ಞತ್ವವೂ ಜೀವನ ಕರ್ತೃತ್ವವೂ ಒಟ್ಟಿಗೇ ವ್ಯವಹಾರದ ಮಟ್ಟಕ್ಕೆ ಸೇರುವುದರಿಂದ ಅದನ್ನು ಇಲ್ಲಿ ಬದಿಗಿಡಬಹುದು. ನಿಜವಾದ ಕಷ್ಟ ಮಧ್ವಾಚಾರ್ಯರದು (1238–1317), ಏಕೆಂದರೆ ಅವರ ವಿಷ್ಣು ಬಲ್ಲವನೂ ಹೌದು, ಮಾಡಿಸುವವನೂ ಹೌದು. ಸ್ವತಂತ್ರತತ್ತ್ವ ಅವನೊಬ್ಬನೇ, ಉಳಿದುದೆಲ್ಲ ಪರತಂತ್ರ. ಕಳಸದ ಬಳಿ ಭದ್ರೆಯ ಅಂಬುತೀರ್ಥದಲ್ಲಿರುವ ಹೆಬ್ಬಂಡೆಯ ಮೇಲಿನ ಬರಹವು ಅದನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುತ್ತದೆ. ಜೀವನು ಸ್ವತಂತ್ರ ಕರ್ತೃವಲ್ಲವೆಂದು ಬಾಳಿನುದ್ದಕ್ಕೂ ಬೋಧಿಸಿದವರನ್ನು ಆ ಬಂಡೆ ಕರ್ತೃವಾಗಿಯೇ ನೆನೆಯುತ್ತದೆ. ಮಧ್ವರು ಇದರಲ್ಲಿ ವಿರೋಧ ಕಾಣುತ್ತಿರಲಿಲ್ಲ: ಜೀವನು ಕರ್ತೃವೇ ಹೌದು, ಇಲ್ಲದಿದ್ದರೆ ಶಾಸ್ತ್ರದ ವಿಧಿ-ನಿಷೇಧಗಳು ಯಾರಿಗೆ, ಆದರೆ ಆ ಕರ್ತೃತ್ವ ಭಗವಂತನಿಂದ ಬಂದದ್ದು, ಪರಾಧೀನವಾದದ್ದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದವೂ ಭಗವಂತನು ಜೀವನ ಪ್ರಯತ್ನವನ್ನು ನೋಡಿಕೊಂಡೇ ಪ್ರೇರಿಸುತ್ತಾನೆ ಎನ್ನುತ್ತದೆ. ‘ಮಾಡು’ ಎಂಬ ಮಾತು ಮಾಡಲೂ ಬಿಡಲೂ ಬಲ್ಲವನಿಗೆ ಮಾತ್ರ ಸಲ್ಲುತ್ತದೆ. ಅಂಗಡಿಯ ವಾಸಂತಿಕಾ ದೇವಿಯ ಸನ್ನಿಧಿಯ ಐತಿಹ್ಯದಲ್ಲಿ ಸುದತ್ತಮುನಿಯು ಹುಲಿಯನ್ನು ಹೊಡೆಯೆಂದು ಸಳನಿಗೆ ಹೇಳಿದನೇ ಹೊರತು ಸಳನ ಕೈಯಲ್ಲಿದ್ದ ಬೆತ್ತಕ್ಕೆ ಹೇಳಲಿಲ್ಲ.

ಮಧ್ವರ ಉತ್ತರದಲ್ಲಿ ಕಹಿಯಾದ ಭಾಗ ಜೀವತ್ರೈವಿಧ್ಯ, ಅಂದರೆ ಜೀವರು ಸ್ವರೂಪದಿಂದಲೇ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆ ಎಂಬುದು. ದೇವರು ಹಾಗೆ ಮಾಡಿದನೆಂದಲ್ಲ. ಅನಾದಿಯಾದ ಯೋಗ್ಯತೆಯನ್ನು ಅವನು ಬಲ್ಲ, ಅದಕ್ಕೆ ತಕ್ಕಂತೆ ನಡೆಸುತ್ತಾನೆ. ಸೃಷ್ಟಿಕರ್ತನ ಮೇಲಿನ ಪಕ್ಷಪಾತದ ಆರೋಪ ಇದರಿಂದ ತಪ್ಪುತ್ತದೆ, ಆದರೆ ತಮೋಯೋಗ್ಯನ ಪಾಲಿಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಇದನ್ನು ಎತ್ತಿ ಆಡುವ ಜೈನ ಪಕ್ಷಪಾತಿಗಳು ತಮ್ಮ ಗ್ರಂಥಗಳಲ್ಲಿಯೂ ಎಂದೆಂದಿಗೂ ಮುಕ್ತಿ ಪಡೆಯದ ಅಭವ್ಯ ಜೀವರು ಇದ್ದಾರೆಂಬುದನ್ನು ಮರೆಯುತ್ತಾರೆ. ಎರಡೂ ಕಡೆ ತಡೆ ಇರುವುದು ಜೀವದ ಸ್ವರೂಪದಲ್ಲಿ, ಸರ್ವಜ್ಞನ ಅರಿವಿನಲ್ಲಲ್ಲ. ಆದ್ದರಿಂದ ಸ್ವಾತಂತ್ರ್ಯದ ಬಗ್ಗೆ ಕೇಳಬೇಕಾದ ಕಠಿಣ ಪ್ರಶ್ನೆಗಳನ್ನು ಸ್ವಭಾವವಾದಕ್ಕೆ ಕೇಳಬೇಕು, ಸರ್ವಜ್ಞತ್ವಕ್ಕಲ್ಲ. ತಾನು ಯಾವ ಬಗೆಯ ಜೀವನೆಂಬುದು ಯಾವ ಜೀವನಿಗೂ ಮುಂಚಿತವಾಗಿ ತಿಳಿಯದು ಎಂಬುದರಲ್ಲಿಯೂ ಎರಡು ದರ್ಶನಗಳಿಗೆ ಭೇದವಿಲ್ಲ. ಬಲ್ಲವನು ಬಾಯಿಬಿಡದಿರುವಾಗ ಅವನ ಅರಿವನ್ನು ತನ್ನ ನಡತೆಗೆ ನೆಪವಾಗಿ ತೋರಿಸುವವನು, ತಾನು ಓದಿಯೇ ಇರದ ದಾಖಲೆಯನ್ನು ಸಾಕ್ಷಿಗೆ ತರುತ್ತಿರುತ್ತಾನೆ.