ಹಾಡಿನ ಒಡೆಯನೂ ಹಾಡಿನ ಪ್ರಿಯನೂ

ಜನರು ಮೆಚ್ಚಿದ ಹಾಡಿನ ರಾಗಕ್ಕೆ ಹೊಸ ಮಾತುಗಳನ್ನು ಕೂಡಿಸಿ ಹಾಡುವ ರೂಢಿಯು ನಮ್ಮ ಹಳ್ಳಿಗಳಲ್ಲಿ ಬಹಳವಾಗಿ ಉಂಟು. ತಮ್ಮ ಪ್ರೀತಿಯ ನಟನನ್ನು ಹೊಗಳಬೇಕೆಂದು ಅಭಿಮಾನಿಗಳು ಹೀಗೆ ಮಾಡುತ್ತಾರೆ. ನಗಿಸಬೇಕೆಂದು ಅಣಕವಾಡು ಕಟ್ಟುವವರೂ ಹೀಗೆಯೇ ಮಾಡುತ್ತಾರೆ. ಇವರನ್ನು ವಿಚಾರಿಸಿದರೆ, ಮಾತು ನಮ್ಮದು, ರಾಗವು ಎಲ್ಲರದು ಅನ್ನುವರು. ಈ ಉತ್ತರವು ನ್ಯಾಯವಾದದ್ದೋ ಎಂದು ನೋಡೋಣ.

ನೆರೆಯವನ ಹೊಲದಲ್ಲಿ ದನ ಬಿಟ್ಟರೆ ಪೈರು ಕಡಿಮೆಯಾಗುವದು. ಹಾಡನ್ನಾದರೋ ಸಾವಿರ ಮಂದಿ ಹಾಡಿದರೂ ಅದು ಸವೆಯದು. ಆದದರಿಂದ ಇದರಲ್ಲಿ ಕಳವೇನೆಂದು ಅನೇಕರು ಕೇಳುತ್ತಾರೆ. ಹಾಡು ಸವೆಯದೆಂಬದು ನಿಜವೇ. ಆದರೆ ಅದನ್ನು ಕಟ್ಟಿದವನ ಕೂಲಿಯೂ ಹೆಸರೂ ಸವೆಯುತ್ತವೆ. ನಮ್ಮ ದೇಶದ 1957ನೆಯ ಇಸವಿಯ ಕೃತಿಸ್ವಾಮ್ಯದ ಕಾಯಿದೆಯು ಹಾಡಿನ ಮಾತನ್ನು ಒಂದು ಕೃತಿಯೆಂದೂ ರಾಗಸಂಯೋಜನೆಯನ್ನು ಇನ್ನೊಂದು ಕೃತಿಯೆಂದೂ ಎಣಿಸುತ್ತದೆ. ಈ ಹಕ್ಕು ಕರ್ತನ ಜೀವಮಾನವೆಲ್ಲಾ ಇದ್ದು, ಅವನು ಸತ್ತ ಮೇಲೆಯೂ 60 ವರುಷ ನಿಲ್ಲುವದು. ಹೀಗಿರುವಲ್ಲಿ ಮಾತನ್ನು ಬದಲಾಯಿಸಿದ ಮಾತ್ರಕ್ಕೆ ರಾಗವು ನಮ್ಮದಾಗದು. ಆದರೂ ಕಾಯಿದೆಯು ನಿರ್ದಯವಾದದ್ದಲ್ಲ. ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡುವದನ್ನು ಅದು ಅಪರಾಧವೆಣಿಸದು. ಅಚ್ಚು ಹಾಕಿ ಮಾರುವದು ಬೇರೆ ಸಂಗತಿ.

ಇಲ್ಲಿ ಆಶ್ಚರ್ಯಪಡತಕ್ಕ ಒಂದು ವಿಷಯವುಂಟು. ಅಮೇರಿಕದಲ್ಲಿ ರಾಯ್ ಆರ್ಬಿಸನ್, ವಿಲಿಯಮ್ ಡೀಸ್ ಎಂಬವರು 1964ರಲ್ಲಿ ಕಟ್ಟಿದ ಒಂದು ಹಾಡನ್ನು 1989ರಲ್ಲಿ ಟೂ ಲೈವ್ ಕ್ರೂ ಎಂಬ ಮೇಳದವರು ಅಣಕವಾಡಾಗಿ ಮಾಡಿದರು. ಹಣ ಕೊಡುವೆವೆಂದು ಮೊದಲು ಅಪ್ಪಣೆ ಬೇಡಿದರು. ಒಡೆಯರು ಕೊಡಲೊಲ್ಲದೆ ಹೋದರು. ಆಗ ಮೂಲಕರ್ತರ ಹೆಸರುಗಳನ್ನು ಹೇಳಿಯೇ ತಮ್ಮ ಹಾಡನ್ನು ಮಾರಿದರು. 1994ರಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟು, ಮಾರಾಟಕ್ಕಿಟ್ಟದ್ದಾದರೂ ಅಣಕವು ನ್ಯಾಯವಾದ ಉಪಯೋಗವಾಗಿರಬಹುದೆಂದು ತೀರ್ಮಾನಿಸಿತು. ನಮ್ಮ ನೆರೆಯ ಕೇರಳದಲ್ಲಿಯೂ ತೋಪ್ಪಿಲ್ ಭಾಸಿಯವರ ಪ್ರಸಿದ್ಧ ನಾಟಕಕ್ಕೆ ಎದುರಾಗಿ ಸಿವಿಕ್ ಚಂದ್ರನ್ ಎಂಬವರು ಅದರ ಭಾಗಗಳನ್ನೇ ತೆಗೆದುಕೊಂಡು ಪ್ರತಿನಾಟಕ ಬರೆದಾಗ, 1996ರಲ್ಲಿ ಅಲ್ಲಿಯ ಹೈಕೋರ್ಟು ಅದನ್ನು ವಿಮರ್ಶೆಯೆಂದು ಎಣಿಸಿ ತಡೆಯನ್ನು ತೆಗೆದುಹಾಕಿತು. ಹೊಗಳಿಕೆಯ ಹಾಡಿಗೋ ಇಂಥ ಆಶ್ರಯವು ಸುಲಭವಾಗಿ ದೊರಕದು. ಹಾಗಾದರೆ ಹಾಸ್ಯಗಾರನಿಗೆ ಬಾಗಿಲು ತೆರೆದು, ಪ್ರೀತಿಸುವವನಿಗೆ ಮುಚ್ಚುವದು ಯಾವ ನ್ಯಾಯ?

ಚೆನ್ನಾಗಿ ಯೋಚಿಸಿದರೆ ಇದರಲ್ಲಿ ಅರ್ಥವುಂಟು. ತನ್ನನ್ನು ಪರಿಹಾಸ್ಯಮಾಡುವದಕ್ಕೆ ಯಾವನೂ ಸಂತೋಷದಿಂದ ಅಪ್ಪಣೆ ಕೊಡನು. ವಿಮರ್ಶೆಗೆ ಒಡೆಯನ ಒಪ್ಪಿಗೆಯೇ ಬೇಕಾದರೆ ದೊಡ್ಡವರ ತಪ್ಪನ್ನು ತೋರಿಸುವವರೇ ಇರಲಾರರು. ಪ್ರೀತಿಸುವವನಾದರೋ ಬಾಗಿಲು ತಟ್ಟಬಹುದು. ಅವನನ್ನು ಸ್ವಾಗತಿಸುವದಕ್ಕೆ ಒಡೆಯನಿಗೆ ಕಾರಣವುಂಟು. ಕೇಳಿದರೆ ದೊರಕಬಹುದಾದದ್ದನ್ನು ಕೇಳದೆ ತೆಗೆದುಕೊಳ್ಳುವದು ಪ್ರೀತಿಯ ಲಕ್ಷಣವಲ್ಲ. ಮಗನು ತಂದೆಯನ್ನು ಪ್ರೀತಿಸುತ್ತೇನೆಂದು ಹೇಳಿ ಪೆಟ್ಟಿಗೆಯ ಬೀಗ ಒಡೆಯಬಹುದೋ?

ಅಣಕಿಸುವವರೂ ಎಚ್ಚರವಾಗಿರತಕ್ಕದ್ದು. ಆ ಅಮೇರಿಕದ ತೀರ್ಪು ಇನ್ನೊಂದು ಭೇದವನ್ನೂ ತೋರಿಸಿತು: ಹಾಸ್ಯವು ಮೂಲಹಾಡನ್ನೇ ತಾಕಿದರೆ ಅದನ್ನು ಬಳಸುವದಕ್ಕೆ ಕಾರಣವುಂಟು, ಜನರ ಕಿವಿಯನ್ನು ಸೆಳೆಯುವದಕ್ಕಾಗಿ ಮಾತ್ರ ಬಳಸಿದರೆ ಆ ಕಾರಣವು ದುರ್ಬಲವಾಗುವದು. ಊರಿನ ಕುಂಟನನ್ನೋ ಸಾಲಗಾರನನ್ನೋ ಬಡ ವಿಧವೆಯನ್ನೋ ಹಳಿಯುವ ಮಾತುಗಳನ್ನು ಚಲನಚಿತ್ರದ ರಾಗಕ್ಕೆ ಕೂಡಿಸಿ ಹಾಡುವವರು ಇದನ್ನು ಆಲೋಚಿಸಲಿ. ಅವರು ಒಬ್ಬನ ದುಡಿಮೆಯನ್ನು ಕೇಳದೆ ತೆಗೆದುಕೊಂಡು ಮತ್ತೊಬ್ಬನಿಗೆ ಗಾಯಮಾಡುತ್ತಾರೆ. ಆ ಮತ್ತೊಬ್ಬನಿಗೆ ಕೋರ್ಟಿಗೆ ಹೋಗುವ ಶಕ್ತಿಯೂ ಇಲ್ಲ.

ಒಡೆಯನು ಯಾರೆಂದು ಹಳ್ಳಿಯವರಾದ ನಮಗೆ ಹೇಗೆ ತಿಳಿಯುವದು ಎಂದು ಕೆಲವರು ಆಕ್ಷೇಪಿಸಬಹುದು. ಮನೆಯೊಳಗೆ ಹಾಡುವವನನ್ನು ಯಾರೂ ಕೇಳರು. ಆದರೆ ನಾವು ಪುಸ್ತಕ ಅಚ್ಚು ಹಾಕಿಸುವಾಗಲೂ ಧ್ವನಿಮುದ್ರಣ ಮಾಡಿ ಹಂಚುವಾಗಲೂ ರಾಗವನ್ನು ಕಟ್ಟಿದವರ ಹೆಸರನ್ನು ವಿಚಾರಿಸಿ ತಿಳಿದು ಬರೆಯೋಣ, ಹಕ್ಕು ಇನ್ನೂ ಇದ್ದರೆ ಅಪ್ಪಣೆಯನ್ನು ಬೇಡೋಣ, ಸಿಕ್ಕದಿದ್ದರೆ ಬೇರೆ ರಾಗವನ್ನು ಹುಡುಕೋಣ. ಕರ್ತರು ಸತ್ತು 60 ವರುಷ ದಾಟಿದ ರಾಗಗಳೂ, ಕರ್ತರ ಹೆಸರೇ ಇಲ್ಲದೆ ನಮ್ಮ ಅಜ್ಜಿಯರ ಬಾಯಿಂದ ಬಂದ ಬೀಸುವ ಕಲ್ಲಿನ ಪದಗಳ ಧಾಟಿಗಳೂ ಬೇಕಾದಷ್ಟು ಇವೆ. ಇವುಗಳನ್ನು ಹಾಡುವದಕ್ಕೆ ಯಾರ ಅಪ್ಪಣೆಯೂ ಬೇಡ.