ಬನವನ್ನು ಬಿಟ್ಟುಕೊಡುವುದು ದಾನವೋ ದಾಸೋಹವೋ?

ದಾನವೆಂಬ ಶಬ್ದವು ಕಿವಿಗೆ ಇಂಪಾದರೂ ಅದರ ಬೆನ್ನಿಗೇ ಒಂದು ದೋಷವು ಅಂಟಿಕೊಂಡಿರುತ್ತದೆ. ಕೊಟ್ಟವನು ಮೇಲು, ಪಡೆದವನು ಕೀಳು ಎಂಬ ಭಾವವೇ ಆ ದೋಷ. ಹೊನ್ನನ್ನು ಕೊಟ್ಟವನು ತನ್ನ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವನು. ಅನ್ನವನ್ನಿಕ್ಕಿದವನು ಉಂಡವರ ಸಂಖ್ಯೆಯನ್ನು ಎಣಿಸುವನು. ‘ನಾನು ಕೊಟ್ಟೆ’ ಎಂಬ ಈ ಅಹಂಕಾರವನ್ನು ಕಂಡೇ ಶಿವಶರಣರು ದಾನದ ಸ್ಥಾನದಲ್ಲಿ ದಾಸೋಹವನ್ನು ನಿಲ್ಲಿಸಿದರು. ತಾನು ದಾಸನೆಂಬ ಅರಿವಿನಿಂದ, ಶಿವನದನ್ನು ಶಿವನಿಗೇ ಸಲ್ಲಿಸುವುದು ದಾಸೋಹ. ಅನ್ನ, ವಸ್ತ್ರ, ಧನಗಳ ವಿಷಯದಲ್ಲಿ ಈ ಭೇದವು ಸದ್ಭಕ್ತರಿಗೆ ಸುಪರಿಚಿತವಾದುದೇ ಆಗಿದೆ. ಆದರೆ ಒಬ್ಬ ಗೃಹಸ್ಥನು ತನ್ನ ಸ್ವಂತ ಭೂಮಿಯಲ್ಲಿರುವ ಕಾಡನ್ನು ಕಡಿಯದೆ, ಉಳದೆ, ಮಾರದೆ, ಮೃಗಪಕ್ಷಿಗಳಿಗೂ ಮುಂದಿನ ಪೀಳಿಗೆಗೂ ಬಿಟ್ಟುಕೊಟ್ಟರೆ ಅದು ದಾನವೋ, ದಾಸೋಹವೋ? ಆ ಕಾಡನ್ನು ಕಾಣಲು ಹೋದವನ ಧರ್ಮವಾದರೂ ಯಾವುದು? ಇವು ವಿಚಾರಾರ್ಹವಾದ ಪ್ರಶ್ನೆಗಳು.

ಇದನ್ನು ವಿಚಾರಿಸಲು ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಉಚ್ಚಿಲದ ಸೀಮೆಯು ತಕ್ಕ ಸ್ಥಳವಾಗಿದೆ. ಪಡುವಣಕ್ಕೆ ಕಡಲು, ಊರ ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ, ಮೊಗವೀರರ ಆರಾಧ್ಯದೇವತೆಯಾದ ಮಹಾಲಕ್ಷ್ಮಿಯ ದೇವಾಲಯ. ಹೊರಗಿನವರಿಗೆ ಉಚ್ಚಿಲವೆಂದರೆ ಇಷ್ಟೇ. ಆದರೆ ಆ ಕರಾವಳಿಯ ಹಳೆಯ ಮನೆತನಗಳ ಭೂಮಿಯ ಮೂಲೆಯಲ್ಲಿ ನಾಗಬನವೊಂದಿರುವುದು ವಾಡಿಕೆ. ಹಲವು ಕಡೆ ಅದರ ವಿಸ್ತಾರವು ಕೆಲವೇ ಸೆಂಟ್ಸು. ಅಲ್ಲಿ ಕೊಡಲಿಯನ್ನು ಎತ್ತಬಾರದು, ನಿಯತವಾದ ದಿನಗಳಲ್ಲದೆ ಒಳಗೆ ಕಾಲಿಡಬಾರದು ಎಂದು ಹಿರಿಯರು ಕಟ್ಟಳೆಯಿಟ್ಟರು. ಮಾವು, ಹಲಸು, ಬೈನೆ, ರೆಂಜೆಗಳು ಬಳ್ಳಿಗಳೊಡನೆ ಹೆಣೆದುಕೊಂಡು ಅಲ್ಲಿ ಬೆಳೆದವು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡು ಅದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಕಡಲಿಗೆ ಹರಿಯುತ್ತದೆ. ಬನದ ತರಗೆಲೆಯ ಹಾಸು ಅದರಲ್ಲಿ ಒಂದಂಶವನ್ನು ತಡೆದು ಮುರಕಲ್ಲಿನ ನೆಲಕ್ಕೆ ಇಂಗಿಸುತ್ತದೆ. ಸಂರಕ್ಷಣೆಯೆಂಬ ಶಬ್ದವು ಕಾನೂನಿನ ಗ್ರಂಥಗಳಲ್ಲಿ ಸೇರುವುದಕ್ಕೆ ಬಹುಕಾಲ ಮೊದಲೇ ಗೃಹಸ್ಥರು ಸ್ವಂತ ಭೂಮಿಯ ಒಂದು ಭಾಗವನ್ನು ತಮ್ಮದಲ್ಲವೆಂದು ಬಿಟ್ಟುಕೊಟ್ಟ ರೀತಿ ಇದು.

ಉಚ್ಚಿಲದಿಂದ ತೆಂಕಣಕ್ಕೆ ಕೆಲವೇ ಹರದಾರಿ ನಡೆದರೆ ಪಡುಬಿದ್ರಿ. ಅಲ್ಲಿಯ ಖಡ್ಗೇಶ್ವರೀ ಬ್ರಹ್ಮಸ್ಥಾನವು ಒಬ್ಬರ ಮನೆಯ ಬನವಲ್ಲ, ಊರಿನ ಬನ. ಎರಡು ವರ್ಷಗಳಿಗೊಮ್ಮೆ ಅಲ್ಲಿ ಢಕ್ಕೆಬಲಿಯು ನಡೆಯುತ್ತದೆ. ಆದರೂ ಅಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಮರಗಳೇ ಭಿತ್ತಿ, ಆಕಾಶವೇ ಛಾವಣಿ. ಬಂದವರಿಗೆ ದೊರೆಯುವ ಪ್ರಸಾದವು ಆ ನೆಲದ ಮರಳು! ಕೊಳ್ಳಲು ಬೆಲೆಯಿಲ್ಲದ, ಮಾರಲು ಗಿರಾಕಿಯಿಲ್ಲದ ಒಂದು ಚಿಟಿಕೆ ಮರಳನ್ನು ಕಣ್ಣಿಗೊತ್ತಿಕೊಂಡು ಜನರು ಮನೆಗೆ ಮರಳುತ್ತಾರೆ. ಬನದಿಂದ ಏನನ್ನು ತರಬೇಕು, ಎಷ್ಟನ್ನು ತರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠವು ಬೇರೊಂದು ಬೇಕಿಲ್ಲ.

ಇಲ್ಲಿ ಇಷ್ಟಲಿಂಗನಿಷ್ಠನಾದ ಭಕ್ತನು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಬೇಕು ಕೂಡ. ‘ಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ನಾಗನ ಹಂಗೇಕೆ? ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿಯಿರೆಂದು ಶರಣರು ಬೋಧಿಸಿರುವಾಗ ಮರದ ಬುಡಕ್ಕೆ ಕೈಮುಗಿಯುವುದೇಕೆ?’ ಈ ಆಕ್ಷೇಪವು ನ್ಯಾಯವಾದುದೇ. ಆದರೆ ಬನವನ್ನು ಪೂಜಿಸುವುದು ಬೇರೆ, ಬನವನ್ನು ಉಳಿಸುವುದು ಬೇರೆ. ಮೊದಲನೆಯದು ಆಯಾ ಜನರ ಆಚಾರ. ಎರಡನೆಯದು ಸಕಲರ ಧರ್ಮ. ಶಿಲೆಯ ಸರ್ಪಕ್ಕೆ ಸಲ್ಲುವ ಗೌರವವು ಉಸಿರಾಡುವ ಸರ್ಪಕ್ಕೆ ಸಲ್ಲದಿರುವ ವಿಪರ್ಯಾಸವನ್ನು ಬಸವಣ್ಣನವರು ಎಂಟುನೂರು ವರ್ಷಗಳಿಗೂ ಹಿಂದೆಯೇ ಎತ್ತಿ ತೋರಿಸಿದರು. ಆ ವಿಪರ್ಯಾಸವು ಇಂದು ಕರಾವಳಿಯಲ್ಲಿ ಮತ್ತೊಂದು ರೂಪವನ್ನು ತಾಳಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಬನಗಳ ಮರಗಳನ್ನು ಕಡಿದು, ನೆಲಕ್ಕೆ ಕಾಂಕ್ರೀಟು ಹಾಸಿ, ನಡುವೆ ಕಟ್ಟೆ ಕಟ್ಟಿ ನಾಗಶಿಲೆಯನ್ನು ಕೂರಿಸಲಾಗಿದೆ. ನಾಗನಿಗೆ ಮನೆಯಾಯಿತು; ನಾಗರಹಾವಿಗೆ ಮನೆ ಹೋಯಿತು. ನಿಘಂಟಿನಲ್ಲಿ ಮರವು ಸ್ಥಾವರವೇ ಇರಬಹುದು. ಆದರೆ ಚಿಗುರುತ್ತ, ಎಲೆಯುದುರಿಸುತ್ತ, ಬೀಜವನ್ನು ಹಕ್ಕಿಯ ಕೊಕ್ಕಿಗೆ ಒಪ್ಪಿಸಿ ದೂರಕ್ಕೆ ಕಳುಹುತ್ತ ಇರುವ ಕಾಡಿನಲ್ಲಿ ಚಲನೆಯಿದೆ. ಅದನ್ನು ಕೊಂದು ಕಟ್ಟಿದ ಕಟ್ಟೆಯೇ ನಿಜವಾದ ಸ್ಥಾವರ.

ಹಾಗೆಂದು ಬನವನ್ನು ಉಳಿಸಿಕೊಂಡು ಬರುವ ಗೃಹಸ್ಥನ ಕಷ್ಟವನ್ನು ಲಘುವಾಗಿ ಕಾಣತಕ್ಕದ್ದಲ್ಲ. ಅವಿಭಕ್ತ ಕುಟುಂಬಗಳು ಒಡೆದು ಭೂಮಿಯು ಹಂಚಿಹೋಗಿದೆ. ಹೆದ್ದಾರಿಯ ಬದಿಯ ನೆಲಕ್ಕೆ ಬೆಲೆ ಏರಿದೆ. ಮಗಳ ಮದುವೆ, ಮಗನ ಓದು, ಮನೆಯ ಸಾಲಗಳು ಎದುರಿಗಿರುವಾಗ ಹತ್ತು ಸೆಂಟ್ಸಿನ ಕಾಡು ಅವನ ಕಣ್ಣಿಗೆ ಹೊರೆಯಾಗಿ ತೋರಿದರೆ ಅದು ಅಸಹಜವಲ್ಲ. ಕಾಯಕವನ್ನು ಬಿಟ್ಟು, ಮನೆಮಂದಿಯನ್ನು ಉಪವಾಸವಿಟ್ಟು ದಾಸೋಹ ಮಾಡೆಂದು ಶರಣಧರ್ಮವು ಹೇಳುವುದಿಲ್ಲ. ಆದರೆ ಬದುಕಿಗೆ ಸಾಕಷ್ಟಿರುವವನು ಬನವನ್ನೂ ಲೆಕ್ಕಕ್ಕೆ ಹಿಡಿದಾಗ, ‘ಇದು ಯಾರದು?’ ಎಂಬ ಪ್ರಶ್ನೆಯು ಅವನ ಮುಂದೆ ನಿಲ್ಲಲೇಬೇಕು. ಪಟ್ಟೆಯಲ್ಲಿ ಅವನ ಹೆಸರಿರಬಹುದು. ಆ ಮರಗಳನ್ನು ಅವನು ನೆಡಲಿಲ್ಲ, ಅವುಗಳಿಗೆ ನೀರೆರೆಯಲಿಲ್ಲ, ಅವನಿಗಿಂತ ಮುಂಚೆ ಅವು ಇದ್ದವು.

ಗೃಹಸ್ಥರು ಇಂತಹ ತ್ಯಾಗವನ್ನು ಮಾಡಬಲ್ಲರೆಂಬುದಕ್ಕೆ ಕನ್ನಡನಾಡಿನ ಬೇರೆಡೆಗಳಲ್ಲಿಯೂ ನಿದರ್ಶನಗಳಿವೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರವರ ಸ್ವಂತ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ, ಗೂಡಿರುವ ಮರದ ಹುಣಸೆಯ ಫಸಲನ್ನು ಊರವರು ಬಿಟ್ಟುಕೊಡುತ್ತ ಬಂದರು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಕೊಡಗಿನಲ್ಲಿ ಅನಿಲ್ ಮಲ್ಹೋತ್ರಾ ಮತ್ತು ಪಮೇಲಾ ಮಲ್ಹೋತ್ರಾ ದಂಪತಿಗಳು 1991ರಲ್ಲಿ 55 ಎಕರೆ ಭೂಮಿಯನ್ನು ಕೊಂಡು ಕಾಡಿಗೇ ಬಿಟ್ಟರು. ಕ್ರಮೇಣ ಅದು ಸುಮಾರು 300 ಎಕರೆಗಳ ಅಭಯಾರಣ್ಯವಾಗಿ ಬೆಳೆಯಿತು. ಕಾನೂನೂ ಇದಕ್ಕೆ ಅನುಕೂಲವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ, ಒಬ್ಬ ವ್ಯಕ್ತಿಯು ಸ್ವಇಚ್ಛೆಯಿಂದ ಮುಂದೆ ಬಂದರೆ ಅವನ ಖಾಸಗಿ ಭೂಮಿಯನ್ನು ಸರಕಾರವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಬಹುದು. ಆ ಬಳಿಕ ನಿರ್ವಹಣಾ ಸಮಿತಿಯ ನಿರ್ಣಯವೂ ಸರಕಾರದ ಒಪ್ಪಿಗೆಯೂ ಇಲ್ಲದೆ ಭೂಮಿಯ ಬಳಕೆಯನ್ನು ಬದಲಿಸುವಂತಿಲ್ಲ.

ಆದರೆ ಕಾನೂನು ಕಾಡನ್ನು ಕಾಯಬಲ್ಲುದೇ ಹೊರತು ಕೊಟ್ಟವನ ಮನಸ್ಸನ್ನು ತೊಳೆಯಲಾರದು. ಬನವನ್ನು ಬಿಟ್ಟುಕೊಟ್ಟವನು ದ್ವಾರದಲ್ಲಿ ನಿಂತು ಬಂದವರಿಂದ ಹೊಗಳಿಕೆಯನ್ನು ಬಯಸಿದರೆ, ಬನವು ಉಳಿದರೂ ಅವನ ದಾಸೋಹವು ಅಳಿಯಿತು. ಬನದ ವಿಷಯದಲ್ಲಿ ಒಂದು ವಿಶೇಷವುಂಟು. ಅನ್ನವನ್ನು ಒಮ್ಮೆ ಇಕ್ಕಿದರೆ ಮುಗಿಯಿತು. ಬನವನ್ನು ಒಮ್ಮೆ ಕೊಟ್ಟರೆ ಮುಗಿಯದು. ಇಂದು ಮಾರಬಹುದಾದುದನ್ನು ಇಂದೂ ಮಾರದಿರಬೇಕು, ನಾಳೆಯೂ ಮಾರದಿರಬೇಕು. ತಂದೆಯು ಕೊಟ್ಟದ್ದನ್ನು ಮಗನು ಮತ್ತೆ ಕೊಡಬೇಕು. ಇದು ದಿನದಿನವೂ ನಡೆಯುವ ಅರ್ಪಣೆ. ಆದುದರಿಂದಲೇ ಅದು ದಾನದ ಮೇರೆಯನ್ನು ದಾಟಿ ದಾಸೋಹವಾಗಲು ಸಮರ್ಥವಾಗಿದೆ.

ಇನ್ನು ಕಾಣಲು ಬಂದವನ ಧರ್ಮ. ಕೊಡುವವನು ಎಷ್ಟು ನಿರ್ಮಲನಾದರೂ ಪಡೆಯುವವನು ಲೋಭಿಯಾದರೆ ಅರ್ಪಣೆಯು ಕೆಡುತ್ತದೆ. ಒಬ್ಬನು ಒಂದು ಸೀತಾಳೆಯ ಗಿಡವನ್ನು ಕಿತ್ತೊಯ್ದರೆ ಕಾಡಿಗೆ ಕೊರತೆಯೇನೆಂದು ಕೇಳಬಹುದು. ಆದರೆ ಅವನ ಹಿಂದೆ ನೂರು ಜನ ಬರುವರು. ನೂರು ಜನರೂ ಅದನ್ನೇ ಕೇಳಿಕೊಂಡರೆ ಬನವು ಬಯಲಾಗುವುದು. ನಡೆದಾಡಿ ಸವೆದ ಕಾಲ್ದಾರಿಯಲ್ಲೇ ನಡೆಯುವುದು, ದನಿಯನ್ನು ತಗ್ಗಿಸುವುದು, ಹಾವನ್ನು ಕಂಡರೆ ದೂರ ನಿಂತು ದಾರಿ ಬಿಡುವುದು, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯುವುದು, ಹೂವನ್ನು ಗಿಡದಲ್ಲೇ ಬಿಡುವುದು. ಇವು ಸಣ್ಣ ನಿಯಮಗಳಂತೆ ತೋರಿದರೂ ಇವುಗಳಲ್ಲಿ ತನುಮನಗಳ ಸಂಯಮವಡಗಿದೆ. ಗೃಹಸ್ಥನು ಧನವನ್ನು ತ್ಯಜಿಸಿ ಕೊಟ್ಟ ಬನಕ್ಕೆ, ಬಂದವನು ತನುಮನಗಳನ್ನು ತಗ್ಗಿಸಿ ತನ್ನ ಭಾಗವನ್ನು ಸಲ್ಲಿಸಬೇಕು. ಇಬ್ಬರೂ ಕೂಡಿದಾಗಲೇ ತ್ರಿವಿಧ ದಾಸೋಹವು ಪೂರ್ಣವಾಗುವುದು.

ಪ್ರಸಾದವೆಂದರೆ ಕೊಟ್ಟಷ್ಟನ್ನು ಭಕ್ತಿಯಿಂದ ಸ್ವೀಕರಿಸುವುದು, ಬಯಸಿದಷ್ಟನ್ನು ಬಾಚಿಕೊಳ್ಳುವುದಲ್ಲ. ಬನವು ಬಂದವನಿಗೆ ನೆರಳನ್ನು ಕೊಡುತ್ತದೆ, ತಂಪನ್ನು ಕೊಡುತ್ತದೆ, ಹಕ್ಕಿಯ ದನಿಯನ್ನು ಕೊಡುತ್ತದೆ, ಊರ ಬಾವಿಗೆ ನೀರನ್ನು ಕೊಡುತ್ತದೆ. ಅಷ್ಟರಿಂದ ತೃಪ್ತನಾಗಿ ಬರಿಗೈಯಲ್ಲಿ ಹೊರಬಂದವನೇ ಪ್ರಸಾದಿ. ಲಿಂಗಕ್ಕರ್ಪಿಸದೆ ಒಂದು ತುತ್ತನ್ನೂ ಮುಟ್ಟದ ಸದ್ಭಕ್ತರು, ತಮ್ಮ ಹೊಲದ ಅಂಚಿನಲ್ಲಿ ಉಳಿದಿರುವ ನಾಲ್ಕು ಮರಗಳನ್ನೂ ಆ ಅರ್ಪಿತದೊಳಗೆ ಸೇರಿಸಿಕೊಳ್ಳಲಿ. ಶಿವನು ಇತ್ತ ನೆಲದಲ್ಲಿ ಒಂದಿಷ್ಟು ಶಿವನಿಗಾಗಿ ಹಾಗೆಯೇ ಉಳಿಯಲಿ.