ನೆಮ್ಮದಿಗಾಗಿ ಎಳೆದ ಗೆರೆ

ಮನಸ್ಸು ಹಗುರಾಗಲಿ ಎಂದು ಕಾಗದದ ಮೇಲೆ ಸುಳಿ, ಬಳ್ಳಿ, ಜಾಲರಿಗಳನ್ನು ಒಂದೇ ಸಮನೆ ತುಂಬುತ್ತಾ ಕೂರುವವರು ಈಗ ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಅದಕ್ಕೆಂದೇ ಪುಸ್ತಕಗಳಿವೆ, ತರಗತಿಗಳಿವೆ, ನವಿರಾದ ಮೊನೆಯ ಪೆನ್ನುಗಳಿವೆ. ಇದೂ ಒಂದು ಧ್ಯಾನವೇ ಎಂದು ಕೆಲವರು ಕೇಳುತ್ತಾರೆ, ಧ್ಯಾನವೇ ಸರಿ ಎಂದು ಕೆಲವರು ಸಾರುತ್ತಾರೆ. ಹನುಮಂತನಗರದಂಥ ಬಡಾವಣೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಕುಮಾರಸ್ವಾಮಿ ದೇವಸ್ಥಾನದ ಗುಡ್ಡದ ಸುತ್ತಿನ ಅಡ್ಡರಸ್ತೆಗಳಲ್ಲಿ, ಉಳಿದಿರುವ ಹಳೆಯ ಮನೆಗಳ ಬಾಗಿಲ ಮುಂದೆ, ಇದೇ ಕೆಲಸ ತಲೆಮಾರುಗಳಿಂದ ದಿನಾ ನಡೆದಿದೆ. ಅಂಗಳಕ್ಕೆ ನೀರು ಚಿಮುಕಿಸಿ, ಗುಡಿಸಿ, ಚುಕ್ಕಿ ಇಟ್ಟು, ಎಳೆ ಎಳೆಯುವ ಕೆಲಸ. ಅದನ್ನು ಯಾರೂ ವಿಶ್ರಾಂತಿ ಎಂದು ಕರೆದಿಲ್ಲ. ಬೆಳಗಿನ ಕಾಫಿಗೂ ಮುಂಚೆ ಮುಗಿಯಬೇಕಾದ ಮನೆಗೆಲಸ ಅದು. ಹಾಗಿದ್ದರೆ ನೆಮ್ಮದಿಗಾಗಿ ಎಳೆದ ಗೆರೆಗೂ ಹೊಸಿಲಿಗೆಂದು ಎಳೆದ ಗೆರೆಗೂ ಧರ್ಮದ ದೃಷ್ಟಿಯಲ್ಲಿ ಭೇದ ಇದೆಯೇ? ಇದೆ ಎಂದೇ ನನ್ನ ನಂಬಿಕೆ. ನೆಮ್ಮದಿಯನ್ನೇ ಕೂಲಿಯಾಗಿ ಕೇಳಿ ಕೂತಾಗ ಈ ಕೆಲಸ ಸಣ್ಣದಾಗುತ್ತದೆ. ತನ್ನಿಂದ ಆಚೆ ಇರುವ ಯಾವುದಕ್ಕೋ ಒಪ್ಪಿಸಿ ಮಾಡಿದಾಗ ಅದೇ ಗೆರೆ ಸಾಧನೆಯಾಗುತ್ತದೆ, ನೆಮ್ಮದಿಯೂ ಅದರ ಜೊತೆಗೇ ಬರುತ್ತದೆ.

ಮೊದಲು ನೆಮ್ಮದಿಯ ಸಂಗತಿ. ಗೆರೆ ಎಳೆದರೆ ಮನಸ್ಸು ಶಾಂತವಾಗುತ್ತದೆ ಎಂಬುದು ಬರೀ ಬಾಯಿಮಾತಲ್ಲ. ಅಮೆರಿಕದಲ್ಲಿ ಕರಿ ಮತ್ತು ಕ್ಯಾಸರ್ ಎಂಬಿಬ್ಬರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 84 ವಿದ್ಯಾರ್ಥಿಗಳಲ್ಲಿ ಮೊದಲು ಸ್ವಲ್ಪ ಆತಂಕ ಹುಟ್ಟಿಸಿ, ಆಮೇಲೆ ಕೆಲವರಿಗೆ ಮಂಡಲದ ಚಿತ್ರ, ಕೆಲವರಿಗೆ ಚೌಕಳಿ ವಿನ್ಯಾಸ, ಇನ್ನು ಕೆಲವರಿಗೆ ಖಾಲಿ ಹಾಳೆ ಕೊಟ್ಟು ಬಣ್ಣ ತುಂಬಿಸಿದರು. ಮಂಡಲ ಮತ್ತು ಚೌಕಳಿ ಸಿಕ್ಕವರ ಆತಂಕ ಚೆನ್ನಾಗಿಯೇ ಇಳಿಯಿತು. ಖಾಲಿ ಹಾಳೆಯವರಿಗೆ ಆ ಫಲ ಸಿಗಲಿಲ್ಲ. ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಸೌಧ ಕಟ್ಟಲಾಗದು. ಆದರೆ ಅದು ತೋರಿಸುವ ದಿಕ್ಕನ್ನು ನೋಡಬೇಕು. ಏನು ಬೇಕಾದರೂ ಮಾಡು ಎಂಬ ಸ್ವಾತಂತ್ರ್ಯ ಮನಸ್ಸಿಗೆ ಬಿಡುವು ಕೊಡಲಿಲ್ಲ. ಮೊದಲೇ ಹಾಕಿಟ್ಟ ಕಟ್ಟು ಕೊಟ್ಟಿತು.

ರಂಗೋಲಿಯ ಚುಕ್ಕಿ ಅಂಥದೊಂದು ಕಟ್ಟು. ನಮ್ಮ ರಂಗೋಲಿ ಪುಸ್ತಕಗಳಲ್ಲಿ ‘15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ’ ಎಂಬಂಥ ಒಂದು ಸಾಲಿನ ಸೂಚನೆ ಇರುತ್ತದೆ. ನಡುವಿನ ಸಾಲಿನಲ್ಲಿ 15, ಅದರ ಮೇಲೂ ಕೆಳಗೂ 14, 13 ಎಂದು ಇಳಿಯುತ್ತಾ 8ಕ್ಕೆ ನಿಲ್ಲಿಸಬೇಕು. ಪ್ರತಿ ಸಾಲಿನ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬೀಳಬೇಕು. ಕೂಡಿದರೆ 169 ಚುಕ್ಕಿ. ಹೆಬ್ಬೆರಳು ತೋರುಬೆರಳುಗಳ ನಡುವೆ ಪುಡಿ ಹಿಡಿದು ಇಷ್ಟನ್ನೂ ಸಮ ಅಂತರದಲ್ಲಿ ಬಿಡುವುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಒಂದು ಚುಕ್ಕಿ ಅತ್ತಿತ್ತ ಜರುಗಿದರೆ ಕೊನೆಗೆ ಹೂವಿನ ಎಸಳು ಸೊಟ್ಟಗಾಗುತ್ತದೆ. ಚುಕ್ಕಿಗಳನ್ನು ಸುತ್ತಿ ಬರುವ ಎಳೆ ರಂಗೋಲಿಯಲ್ಲಿ ಕಟ್ಟು ಇನ್ನೂ ಬಿಗಿ. 3 ಸಾಲು, ಸಾಲಿಗೆ 4 ಚುಕ್ಕಿ ಇಟ್ಟು ನಿಯಮ ತಪ್ಪದೆ ಪ್ರತಿ ಚುಕ್ಕಿಯನ್ನೂ ಬಳಸಿ ಬಂದರೆ, ಹೊರಟ ಎಳೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. 4 ಸಾಲು, ಸಾಲಿಗೆ 4 ಇಟ್ಟರೆ ಒಂದೇ ಎಳೆಯಲ್ಲಿ ಮುಗಿಯುವುದಿಲ್ಲ, ನಾಲ್ಕು ಬೇರೆ ಬೇರೆ ಎಳೆಗಳು ಬೇಕು. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಎಳೆಗಳು ಅಷ್ಟು. ಎಳೆಯುವವರ ಇಷ್ಟಾನಿಷ್ಟ ಇಲ್ಲಿ ನಡೆಯುವುದಿಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ತಮಿಳುನಾಡಿನ ಕೋಲಗಳನ್ನು ಕಂಪ್ಯೂಟರ್ ವ್ಯಾಕರಣದ ವಸ್ತುವಾಗಿಸಿದ್ದು ಈ ಬಿಗಿಯಿಂದಾಗಿಯೇ. ‘ನಾನು’ ಎಂಬುದು ಸ್ವಲ್ಪ ಹೊತ್ತು ಬದಿಗೆ ಸರಿದು ಕೂರುವುದು ಇಂಥ ಕಡೆ. ಮನಸ್ಸಿನ ಬಿಡುವು ಹುಟ್ಟುವುದೂ ಅಲ್ಲೇ.

ಆದರೆ ಬಿಡುವು ರಂಗೋಲಿಯ ಉದ್ದೇಶವಾಗಿತ್ತೇ? ಅಲ್ಲವೆನ್ನಲು ಪುರಾವೆ ಅದನ್ನು ಹಾಕದ ದಿನಗಳಲ್ಲಿದೆ. ಸೂತಕದ ಮನೆಯ ಮುಂದೆ ರಂಗೋಲಿ ಇರುವುದಿಲ್ಲ. ಶ್ರಾದ್ಧದ ದಿನವೂ ಹಾಕುವುದಿಲ್ಲ. ಅದು ಮನಸ್ಸಿನ ಸಮಾಧಾನಕ್ಕಾಗಿ ಇದ್ದ ಸಾಧನವಾಗಿದ್ದರೆ ಸಾವು ಆದ ಮನೆಗೇ ಅದು ಎಲ್ಲಕ್ಕಿಂತ ಹೆಚ್ಚಾಗಿ ಬೇಕಿತ್ತು. ದುಃಖದಲ್ಲಿರುವವರನ್ನೇ ಮೊದಲು ಚುಕ್ಕಿ ಇಡಲು ಕೂರಿಸಬೇಕಿತ್ತು. ಸಂಪ್ರದಾಯ ನೇರ ಉಲ್ಟಾ ಮಾಡಿತು. ಏಕೆಂದರೆ ಬಾಗಿಲ ಮುಂದಿನ ಗೆರೆ ಹಾಕಿದವರಿಗೆ ಸೇರಿದ್ದಲ್ಲ, ಬೀದಿಯಲ್ಲಿ ಹೋಗುವವರಿಗೆ ಸೇರಿದ್ದು. ಈ ಮನೆಯಲ್ಲಿ ಇವತ್ತು ಎಲ್ಲ ಸರಿಯಾಗಿದೆ, ಬನ್ನಿ ಎಂದು ಅದು ಹೇಳುತ್ತದೆ. ಅದು ಇಲ್ಲದ ಬೆಳಗು, ಬಾಗಿಲು ತಟ್ಟುವ ಮೊದಲು ಒಂದು ಕ್ಷಣ ನಿಲ್ಲಿ ಎನ್ನುತ್ತದೆ. ಅಕ್ಕಿಹಿಟ್ಟಿನಿಂದ ಹಾಕಿದರೆ ಇರುವೆಗೆ ಆಹಾರ ಎಂಬ ಹಿರಿಯರ ಮಾತೂ ಇದೇ ಜಾಡಿನದು. ಗೃಹಸ್ಥನಿಗೆ ಹೇಳಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು, ಪ್ರಾಣಿಗಳಿಗೆ ತನ್ನ ಪಾಲಿನಿಂದ ತೆಗೆದಿಡುವುದು. ಈಗ ಸಾಮಾನ್ಯವಾಗಿ ಬಳಸುವುದು ಕಲ್ಲಿನ ಪುಡಿ, ಅದನ್ನು ಇರುವೆ ಮೂಸುವುದಿಲ್ಲ. ಆ ಮಟ್ಟಿಗೆ ನಾವು ಕಳೆದುಕೊಂಡದ್ದು ನಿಜ. ಆದರೂ ದಿಕ್ಕು ಬದಲಾಗಿಲ್ಲ, ಗೆರೆ ಇನ್ನೂ ಹೊರಗೇ ಮುಖ ಮಾಡಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಚಿತ್ರಗಳ ಬಗೆಗಳನ್ನು ಎಣಿಸುವಾಗ ಧೂಳಿಚಿತ್ರವನ್ನೂ ಸೇರಿಸಿದ್ದಾನೆ. ಗಾಳಿಗೆ ಹಾರಿಹೋಗುವ ಪುಡಿಯ ಚಿತ್ರಕ್ಕೂ ಒಂದು ಸ್ಥಾನವುಂಟೆಂದು ಗ್ರಂಥವೇ ಒಪ್ಪಿದಂತಾಯಿತು. ಸಂಜೆಯೊಳಗೆ ಕಾಲಡಿಗೆ ಸಿಕ್ಕಿ ಅಳಿಯುವುದನ್ನು ಇಷ್ಟು ಶ್ರದ್ಧೆಯಿಂದ ಮಾಡುವುದೆಂದರೆ, ಫಲದ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟೇ ಕೆಲಸಕ್ಕೆ ಇಳಿದಂತೆ. ಗೀತೆಯ ಕರ್ಮಯೋಗವನ್ನು ಪುಸ್ತಕದಲ್ಲಿ ಓದದವರೂ ಬಗ್ಗಿ ನಿಂತು ಅದನ್ನೇ ಆಚರಿಸಿದ್ದಾರೆ.

ಕಾಗದದ ಮೇಲಿನ ಹೊಸ ಪದ್ಧತಿಗಳನ್ನು ನಾನು ಹೀಗಳೆಯುತ್ತಿಲ್ಲ. ಅವುಗಳಲ್ಲಿ ಹೆಸರಾದದ್ದು ಅಮೆರಿಕದ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ರೂಪಿಸಿದ ಝೆನ್‌ಟ್ಯಾಂಗಲ್. ಮೂರೂವರೆ ಅಂಗುಲದ ಚೌಕ ಕಾಗದ, ಒಂದು ಪೆನ್ನು, ಒಂದು ಪೆನ್ಸಿಲ್. ಅಳಿಸುವ ರಬ್ಬರ್ ಇಲ್ಲ. ಎಂಟು ಹಂತಗಳಲ್ಲಿ ಮೊದಲನೆಯದು ಕೃತಜ್ಞತೆ, ಎರಡನೆಯದು ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ಚುಕ್ಕಿಯಿಂದಲೇ ಆರಂಭವಾಗುವುದು ಕಂಡು ನಮ್ಮ ಅಜ್ಜಿಯರಿಗೆ ಸಂತೋಷವಾಗುತ್ತಿತ್ತು. ಕಟ್ಟು ಇದೆ, ಶ್ರದ್ಧೆ ಇದೆ, ತಪ್ಪನ್ನು ಒಪ್ಪಿ ಮುಂದೆ ಸಾಗುವ ವಿನಯವೂ ಇದೆ. ಬೇರೆಯಾಗುವುದು ಕೊನೆಯಲ್ಲಿ. ಅಲ್ಲಿ ಚಿತ್ರಕ್ಕೆ ಸಹಿ ಹಾಕುವುದು, ದೂರ ಹಿಡಿದು ನೋಡಿ ಮೆಚ್ಚುವುದು ಕೊನೆಯ ಎರಡು ಹಂತಗಳು. ರಂಗೋಲಿಗೆ ಸಹಿ ಇಲ್ಲ. ಸ್ಪರ್ಧೆಗಳಲ್ಲಿ ಹೆಸರಿನ ಚೀಟಿ ಇಡುತ್ತಾರೆ, ಸರಿ. ಮನೆ ಮುಂದೆ ಯಾರೂ ಇಡುವುದಿಲ್ಲ. ಸಹಿ ಪಾಪವಲ್ಲ. ಆದರೆ ಚಿತ್ರ ತಿರುಗಿ ಬಿಡಿಸಿದವನ ಕಡೆಗೇ ಬಂತು ಎಂಬುದಕ್ಕೆ ಅದು ಗುರುತು. ಇವತ್ತು ನನಗೆ ಎಷ್ಟು ನೆಮ್ಮದಿಯಾಯಿತು ಎಂದು ಅಳೆಯುತ್ತಾ ಕೂರುವವನಿಗೆ, ನೆಮ್ಮದಿಯಾಗದ ದಿನ ಆ ಕೆಲಸವೇ ಬೇಡವೆನಿಸುತ್ತದೆ. ಪತಂಜಲಿ ಅಭ್ಯಾಸಕ್ಕೆ ಹೇಳಿದ ಲಕ್ಷಣ ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡುವುದು. ಅದರಲ್ಲಿ ಹಿತವಾಗಬೇಕೆಂಬ ಷರತ್ತಿಲ್ಲ. ಹಾಗೆಂದು ಕಾಗದವನ್ನು ಬಿಟ್ಟು ಬೀದಿಗೆ ಬರಬೇಕಿಲ್ಲ. ಬಿಡಿಸಿದ್ದನ್ನು ಆಸ್ಪತ್ರೆಯಲ್ಲಿರುವ ನೆಂಟರಿಗೆ ಕಳಿಸಿದರೂ, ಪಕ್ಕದ ಮನೆಯ ಮಗುವಿನ ಪುಸ್ತಕಕ್ಕೆ ಹೊದಿಕೆಯಾಗಿಸಿದರೂ ಗೆರೆ ಹೊರಗೆ ಮುಖ ಮಾಡಿದಂತೆಯೇ.

ಇಲ್ಲಿ ಎರಡು ಆಕ್ಷೇಪಗಳು ಬರಬೇಕಾದ್ದೇ. ಒಂದು, ಆತಂಕದಿಂದ ಬಳಲುವವರಿಗೆ ಈ ಉಪದೇಶವೇಕೆ, ಅವರಿಗೆ ಸ್ವಲ್ಪ ಸಮಾಧಾನ ಸಿಕ್ಕರೆ ಸಾಲದೇ ಎಂಬುದು. ಸಾಲುತ್ತದೆ. ಔಷಧಿಯಾಗಿ ತೆಗೆದುಕೊಂಡದ್ದಕ್ಕೆ ಧರ್ಮದ ಪರೀಕ್ಷೆ ಇಡುವುದು ಕ್ರೌರ್ಯ. ನನ್ನ ಮಾತು ಅದನ್ನು ಅಧ್ಯಾತ್ಮ ಎಂದು ಕರೆಯುವವರಿಗೆ ಮಾತ್ರ. ಎರಡನೆಯದು ಇದಕ್ಕಿಂತ ಗಟ್ಟಿ. ರಂಗೋಲಿಯನ್ನು ಹೆಂಗಸರು ತಾವಾಗಿ ಆರಿಸಿಕೊಂಡರೇ? ಧನುರ್ಮಾಸದ ಚಳಿಯಲ್ಲಿ ಬೆಳಕು ಹರಿಯುವ ಮೊದಲು ಎದ್ದು, ತಣ್ಣೀರಲ್ಲಿ ಕೈಯದ್ದಿ, ಸೊಂಟ ಬಗ್ಗಿಸಿ ದೊಡ್ಡ ರಂಗೋಲಿ ಹಾಕಿದ ಸೊಸೆಯನ್ನು ನಿಷ್ಕಾಮ ಕರ್ಮಯೋಗಿ ಎನ್ನುವುದು, ಹೇರಿದ ದುಡಿಮೆಗೆ ಚೆಂದದ ಹೆಸರಿಟ್ಟಂತಲ್ಲವೇ? ಈ ಆಕ್ಷೇಪದ ಮುಂದೆ ತಲೆಬಾಗಲೇಬೇಕು. ಬಲವಂತದಿಂದ ಮಾಡಿಸಿದ್ದು ಸಮರ್ಪಣೆಯಾಗದು. ಕೊಡುವ ಹಕ್ಕಿರುವವರು ಮಾತ್ರ ಕೊಡಬಲ್ಲರು. ಮನೆಯ ಗಂಡಸರು ಪುಡಿಯ ಬಟ್ಟಲು ಮುಟ್ಟದೆ, ಅದರ ಆಧ್ಯಾತ್ಮಿಕ ಮಹಿಮೆಯನ್ನು ಮಾತ್ರ ಬಣ್ಣಿಸುವುದು ಸಲ್ಲದು. ಆದರೆ ಈ ಮಾತು ನನ್ನ ವಾದವನ್ನು ಕೆಡವುವುದಿಲ್ಲ, ಅದಕ್ಕೆ ಒಂದು ಷರತ್ತು ಸೇರಿಸುತ್ತದೆ. ಇಂದು ಕೆಲಸಕ್ಕೆ ಹೋಗುವ ಹುಡುಗಿ, ಯಾರೂ ಕೇಳದಿದ್ದರೂ, ಫ್ಲ್ಯಾಟಿನ ಬಾಗಿಲಲ್ಲಿ ಏಳು ಚುಕ್ಕಿಯ ಸಣ್ಣ ರಂಗೋಲಿ ಬಿಟ್ಟು ಹೋಗುವುದಾದರೆ, ಅದು ಹಿಂದಿನ ಎಷ್ಟೋ ದೊಡ್ಡ ರಂಗೋಲಿಗಳಿಗಿಂತ ನಿಜವಾದ ಅರ್ಪಣೆ. ಸಮಯವಿಲ್ಲದವರು ಸ್ಟಿಕ್ಕರ್ ಅಂಟಿಸಿದರೆ ನನಗೆ ಬೇಸರವಿಲ್ಲ. ಆದರೆ ಸೂತಕದ ದಿನವೂ ಅದು ಅಲ್ಲೇ ಅಂಟಿಕೊಂಡಿರುತ್ತದೆ, ಬೀದಿಗೆ ಏನನ್ನೂ ಹೇಳಲಾರದು.

ಇನ್ನು ಸಾಮಾನುಗಳ ವಿಷಯ. ರಂಗೋಲಿಯ ಸಾಮಾನು ಎಂದರೆ ಒಂದು ಡಬ್ಬ, ಒಂದು ಬಟ್ಟಲು. ಹಬ್ಬಕ್ಕೆ ನಾಲ್ಕು ಬಣ್ಣ, ಅಂಚಿಗೆ ಕೆಮ್ಮಣ್ಣು. ಕಾಗದದ ಹವ್ಯಾಸ ಹಾಗಲ್ಲ. ಅವೆನ್ಯೂ ರಸ್ತೆ, ಚಿಕ್ಕಪೇಟೆ ಸುತ್ತಿ ಬಂದರೆ ಚೀಲ ತುಂಬುತ್ತದೆ. ಪೆನ್ನು, ಜೆಲ್ ಬಣ್ಣ, ಅಂಟು, ಮಿನುಗು, ಬಗೆಬಗೆಯ ಕಾಗದ. ಆಮೇಲೆ ಅವನ್ನು ಬಣ್ಣದ ಪ್ರಕಾರ, ಮೊನೆಯ ದಪ್ಪದ ಪ್ರಕಾರ ಜೋಡಿಸಿ, ಡಬ್ಬಗಳಿಗೆ ಚೀಟಿ ಅಂಟಿಸುವುದೇ ಇನ್ನೊಂದು ಹವ್ಯಾಸವಾಗುತ್ತದೆ. ಜೋಡಿಸುವುದರಲ್ಲೂ ನೆಮ್ಮದಿ ಇದೆ, ಅದನ್ನು ಅಲ್ಲಗಳೆಯಲಾರೆ. ಪೂಜೆಗೆ ಮುಂಚೆ ಬತ್ತಿ ಹೊಸೆದು, ಹೂ ಬಿಡಿಸಿ, ಗಂಧ ತೇಯ್ದು ಇಡುವುದನ್ನು ನಮ್ಮವರು ಪೂಜೆಯ ಹೊರಗಿನದೆಂದು ಎಣಿಸಿಲ್ಲ. ಸಾಮಾನು ಕೈಗೆ ಸಿಗುವಂತಿದ್ದರೆ ಕೆಲಸಕ್ಕೆ ಕೂತವನ ಗಮನ ಒಡೆಯುವುದಿಲ್ಲ. ತೊಡಕು ಬರುವುದು ಸಿದ್ಧತೆ ಎಂಬುದು ಸಂಗ್ರಹವಾದಾಗ. ಆಯ್ದಕ್ಕಿ ಮಾರಯ್ಯನ ಕಥೆ ಇಲ್ಲಿ ಅಳತೆಗೋಲು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆ ಶರಣನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬಾ ಎಂದಳು. ಆ ಅಕ್ಕಿ ಕದ್ದದ್ದಲ್ಲ, ದುಡಿದೇ ತಂದದ್ದು. ಆದರೂ ಇಂದಿನ ದಾಸೋಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆಯೆಂದು ಅವಳಿಗೆ ಕಂಡಿತು. ಎಷ್ಟು ಬೇಕು ಎಂಬುದನ್ನು ತೀರ್ಮಾನಿಸಿದ್ದು ಯಾರಿಗೆ ಕೊಡಬೇಕು ಎಂಬುದು.

ಕಪಾಟಿನ ಮುಂದೆ ಕೂತವರಿಗೂ ಇದೇ ಲೆಕ್ಕ ನಡೆಯುತ್ತದೆ. ಮೂವತ್ತು ಪೆನ್ನು ಹೆಚ್ಚೋ ಕಡಿಮೆಯೋ ಎಂದು ಬರಿದೆ ಕೇಳಿದರೆ ಉತ್ತರ ಸಿಗದು. ಮಕ್ಕಳಿಗೆ ಕಲಿಸುವವರಿಗೆ ಅದು ಕಡಿಮೆಯೇ ಆದೀತು. ಈ ತಿಂಗಳು ಯಾರಿಗಾಗಿ ಏನು ಬಿಡಿಸುತ್ತೇನೆ ಎಂಬುದು ಗೊತ್ತಿದ್ದರೆ ಡಬ್ಬದಲ್ಲಿ ಉಳಿಯಬೇಕಾದದ್ದು ತಾನಾಗಿ ಗೊತ್ತಾಗುತ್ತದೆ. ಮಿಕ್ಕದ್ದನ್ನು ಚೆಂದವಾಗಿ ಜೋಡಿಸಿ ಚೀಟಿ ಅಂಟಿಸುವ ಬದಲು ಹತ್ತಿರದ ಸರ್ಕಾರಿ ಶಾಲೆಯ ಚಿತ್ರಕಲಾ ಮೇಷ್ಟ್ರ ಕೈಗೆ ಕೊಡಬಹುದು; ಅಲ್ಲಿ ಒಂದೇ ಸ್ಕೆಚ್ ಪೆನ್ನಿಗೆ ನಾಲ್ಕು ಮಕ್ಕಳು ಕಾಯುತ್ತಿರಬಹುದು.